ಸೌಪ್ತಿಕದ ಅಪರಾಧವೂ ಮೌಸಲದ ತೀರ್ಪೂ

ಮಹಾಭಾರತದ ಸೌಪ್ತಿಕಪರ್ವವನ್ನು ವಿದ್ವಾಂಸರು ಸಾಮಾನ್ಯವಾಗಿ ರಸದೃಷ್ಟಿಯಿಂದಲೇ ಪರಾಮರ್ಶಿಸುತ್ತ ಬಂದಿರುವರು. ರೌದ್ರಬೀಭತ್ಸಗಳಿಗೆ ಅದಕ್ಕಿಂತ ಮೇಲಾದ ಉದಾಹರಣೆಯು ಸಂಸ್ಕೃತವಾಙ್ಮಯದಲ್ಲಿ ದೊರೆಯುವುದು ದುರ್ಲಭವೆಂಬುದು ನಿಜ. ಮೌಸಲಪರ್ವವನ್ನಾದರೋ ಶಾಂತರಸಕ್ಕೆ ಸಲ್ಲಿಸುವುದು ವಾಡಿಕೆ. ಆನಂದವರ್ಧನಾಚಾರ್ಯನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ, ವೃಷ್ಣಿಗಳಿಗೂ ಪಾಂಡವರಿಗೂ ಒದಗಿದ ಶೋಚನೀಯವಾದ ಅವಸಾನವನ್ನು ವರ್ಣಿಸುವುದರ ಮೂಲಕ ಮಹರ್ಷಿಯು ವೈರಾಗ್ಯವನ್ನೇ ತಾತ್ಪರ್ಯವಾಗಿ ಸೂಚಿಸಿರುವನೆಂದು ನಿರ್ಣಯಿಸಿದ ಮೇಲೆ, ಆ ಮಾತನ್ನು ಮೀರಿ ಹೋಗುವ ಸಾಹಸವನ್ನು ಅನಂತರದ ಆಲಂಕಾರಿಕರು ಮಾಡಿದಂತೆ ತೋರುವುದಿಲ್ಲ. ಆ ನಿರ್ಣಯವನ್ನು ಅಲ್ಲಗಳೆಯುವುದಕ್ಕೆ ಕಾರಣವೂ ಇಲ್ಲ. ಆದರೆ ಈ ಎರಡು ಪರ್ವಗಳಿಗೆ ರಸದ ಸಂಬಂಧವಿರುವಂತೆಯೇ ವ್ಯವಹಾರದ, ಎಂದರೆ ನ್ಯಾಯವಿಚಾರಣೆಯ, ಸಂಬಂಧವೂ ಒಂದುಂಟು. ಸೌಪ್ತಿಕದಲ್ಲಿ ವಿಚಾರಣೆಗೆ ಬಾರದೆ ಉಳಿದ ಅಪರಾಧವೇ ೩೬ ವರ್ಷಗಳ ತರುವಾಯ ಪ್ರಭಾಸಕ್ಷೇತ್ರದಲ್ಲಿ ತಲೆಯೆತ್ತಿ ಯಾದವಕುಲವನ್ನು ನುಂಗಿತೆಂಬುದು ಮೂಲಗ್ರಂಥವನ್ನು ಅನುಸರಿಸಿ ಹೋದರೆ ಸ್ಪಷ್ಟವಾಗುವುದು. ಯುದ್ಧಾಪರಾಧಗಳಿಗೆ ಅಂತರರಾಷ್ಟ್ರೀಯ ನ್ಯಾಯಾಲಯಗಳು ಏರ್ಪಟ್ಟಿರುವ ಈ ಕಾಲದಲ್ಲಿ ಆ ಸಂಬಂಧವನ್ನು ವಿಚಾರಿಸುವುದು ನಿಷ್ಪ್ರಯೋಜಕವಾಗಲಾರದು.

ಮೊದಲು ವಿಧಿಯನ್ನು ನೋಡತಕ್ಕದ್ದು. ಭೀಷ್ಮಪರ್ವದ ಆರಂಭದಲ್ಲಿ ಕುರುಗಳೂ ಪಾಂಡವರೂ ಸೋಮಕರೂ ಒಟ್ಟುಗೂಡಿ ಯುದ್ಧದ ವಿಷಯದಲ್ಲಿ ‘ಸಮಯ’ವನ್ನು, ಎಂದರೆ ಉಭಯಸಮ್ಮತವಾದ ಕಟ್ಟಳೆಯನ್ನು, ಮಾಡಿಕೊಂಡರು. ರಥಿಕನು ರಥಿಕನೊಡನೆಯೇ ಕಾದಬೇಕು. ಸೇನೆಯ ಸಾಲಿನಿಂದ ಹೊರಟುಹೋದವನನ್ನು ಕೊಲ್ಲಕೂಡದು. ಮತ್ತೊಬ್ಬನೊಡನೆ ಹೋರುತ್ತಿರುವವನು, ಎಚ್ಚರ ತಪ್ಪಿದವನು, ಬೆನ್ನು ತಿರುಗಿಸಿದವನು, ಆಯುಧವಿಲ್ಲದವನು, ಕವಚವಿಲ್ಲದವನು ಇವರ ಮೇಲೆ ಕೈ ಮಾಡಕೂಡದು. ಸಾರಥಿಗಳನ್ನೂ ಶಸ್ತ್ರವಾಹಕರನ್ನೂ ಭೇರೀಶಂಖಗಳನ್ನು ನುಡಿಸುವವರನ್ನೂ ಹೊಡೆಯಕೂಡದು. ಇದಿಷ್ಟು ಅದರ ಸಾರಾಂಶ. ೧೮೯೯ ಮತ್ತು ೧೯೦೭ನೆಯ ವರ್ಷಗಳಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳು ಕೂಡಿ ಮಾಡಿಕೊಂಡ ಭೂಯುದ್ಧದ ಒಡಂಬಡಿಕೆಗಳಿಗೂ ಇದಕ್ಕೂ ಕೆಲವು ಅಂಶಗಳಲ್ಲಿ ಇರುವ ಸಾಮ್ಯವನ್ನು ಯಾರಾದರೂ ಗುರುತಿಸಬಹುದು. ಆದರೆ ಕುರುಕ್ಷೇತ್ರದ ಈ ಸಮಯದಲ್ಲಿ ಒಂದು ಅಂಗವು ಕಾಣುವುದಿಲ್ಲ. ಮೀರಿದವನಿಗೆ ದಂಡವೇನು, ಮೀರಿದನೆಂದು ನಿರ್ಣಯಿಸುವವನು ಯಾರು ಎಂಬ ಮಾತೇ ಅಲ್ಲಿಲ್ಲ.

ಈ ನ್ಯೂನತೆಯು ಶಾಸ್ತ್ರದ ಅಜ್ಞಾನದಿಂದ ಬಂದುದಲ್ಲ. ಮನುವು ಹೇಳುವ ಹದಿನೆಂಟು ವ್ಯವಹಾರಪದಗಳಲ್ಲಿ ಸಂವಿದ್ವ್ಯತಿಕ್ರಮವೆಂಬುದೂ, ನಾರದನ ಪಟ್ಟಿಯಲ್ಲಿ ಸಮಯಸ್ಯಾನಪಾಕರ್ಮವೆಂಬುದೂ ಸೇರಿವೆ. ಮಾಡಿಕೊಂಡ ಕಟ್ಟಳೆಯನ್ನು ಮೀರುವುದು ರಾಜನು ವಿಚಾರಿಸತಕ್ಕ ಅಪರಾಧವೆಂದೇ ಇದರ ತಾತ್ಪರ್ಯ. ಅರಣ್ಯಚರರಿಗೆ ಅರಣ್ಯದಲ್ಲಿಯೂ, ಸೈನಿಕರಿಗೆ ಸೇನೆಯಲ್ಲಿಯೂ, ವರ್ತಕರಿಗೆ ಸಾರ್ಥದಲ್ಲಿಯೂ ನ್ಯಾಯಸಭೆಯು ನಡೆಯಬೇಕೆಂಬ ವಚನವನ್ನು ನಿಬಂಧಕಾರರು ಬೃಹಸ್ಪತಿಯ ಹೆಸರಿನಲ್ಲಿ ಉದ್ಧರಿಸುವರು. ಆದಕಾರಣ ದಂಡಿನೊಳಗೆ ನಡೆಯುವ ಸೈನಿಕ ನ್ಯಾಯಸಭೆಯೆಂಬುದು ಪ್ರಾಚೀನರಿಗೆ ಅಪರಿಚಿತವಾದ ಕಲ್ಪನೆಯಲ್ಲ. ತೊಡಕಿರುವುದು ಬೇರೊಂದು ಕಡೆ. ಒಬ್ಬ ರಾಜನ ಸೇನೆಯಲ್ಲಿ ತಪ್ಪು ನಡೆದರೆ ಆ ರಾಜನು ವಿಚಾರಿಸುವನು; ಇಬ್ಬರು ರಾಜರು ತಮ್ಮೊಳಗೆ ಮಾಡಿಕೊಂಡ ಸಮಯವು ಮುರಿದರೆ ವಿಚಾರಿಸುವ ಮೂರನೆಯವನು ಯಾರು? ಮಹಾಭಾರತದಲ್ಲಿ ಅಂಥ ಮೂರನೆಯವನು ಒಬ್ಬನೇ ಕಾಣುವನು, ಅವನು ಬಲರಾಮ. ಎರಡು ಪಕ್ಷಗಳನ್ನೂ ಸೇರದೆ ತೀರ್ಥಯಾತ್ರೆಗೆ ಹೋಗಿದ್ದವನೂ, ಭೀಮದುರ್ಯೋಧನರಿಬ್ಬರಿಗೂ ಗದೆಯ ಗುರುವೂ ಅವನೇ. ನಾಭಿಯ ಕೆಳಗೆ ಹೊಡೆಯುವುದು ಶಾಸ್ತ್ರವಿರುದ್ಧವೆಂದು ಅವನು ಕೂಗಿ ಹೇಳಿ ಹಲವನ್ನೆತ್ತಿದರೆ, ಕೃಷ್ಣನು ಅವನನ್ನು ತಡೆದು ಹಿಡಿದು ಭೀಮನ ಪ್ರತಿಜ್ಞೆಯನ್ನೂ ಮೈತ್ರೇಯನ ಶಾಪವನ್ನೂ ಮುಂದಿಟ್ಟನು. ಭೀಮನು ಲೋಕದಲ್ಲಿ ಕುಟಿಲಯೋಧನೆಂದು ಹೆಸರಾಗುವನೆಂದು ಹೇಳಿ ಬಲರಾಮನು ದ್ವಾರಕೆಗೆ ಹೊರಟುಹೋದನು. ನಿರ್ಣಯವು ಉಚ್ಚರಿತವಾಯಿತು, ಅದನ್ನು ನಡೆಸುವ ಕೈ ಇರಲಿಲ್ಲ.

ಅದೇ ಇರುಳಿನಲ್ಲಿ ಸೌಪ್ತಿಕವು ನಡೆಯುತ್ತದೆ. ಆಲದ ಮರದ ಕೆಳಗೆ ಅಶ್ವತ್ಥಾಮ, ಕೃಪ, ಕೃತವರ್ಮ ಈ ಮೂವರಿಗೆ ನಡೆದ ಸಂವಾದವನ್ನು ನ್ಯಾಯದೃಷ್ಟಿಯಿಂದ ಓದಿದರೆ ವಾದಪ್ರತಿವಾದಗಳ ಕ್ರಮವು ಎದ್ದು ತೋರುವುದು. ಮಲಗಿರುವವರ ವಧೆಯನ್ನು ಧರ್ಮಜ್ಞರು ಹೊಗಳುವುದಿಲ್ಲವೆಂದು ಕೃಪಾಚಾರ್ಯನು ಹೇಳಿ, ಶಸ್ತ್ರವನ್ನಿಟ್ಟವನು, ರಥಾಶ್ವಗಳಿಲ್ಲದವನು, ನಿನ್ನವನಾದೆನೆಂದವನು, ಶರಣು ಬಂದವನು, ಕೂದಲು ಕೆದರಿದವನು, ವಾಹನವು ಸತ್ತವನು ಇವರೆಲ್ಲರನ್ನೂ ಅದೇ ಗಣದಲ್ಲಿ ಸೇರಿಸುವನು. ಇದಕ್ಕೆ ಅಶ್ವತ್ಥಾಮನು ಕೊಡುವ ಉತ್ತರವು ಗಮನಾರ್ಹವಾದುದು. ವಿಧಿಯು ಹಾಗಿಲ್ಲವೆಂದು ಅವನು ವಾದಿಸುವುದೇ ಇಲ್ಲ. ಕೃಪನು ಹೇಳಿದಂತೆಯೇ ಅದು ಇರುವುದೆಂದು ಒಪ್ಪಿ, ಆ ಧರ್ಮದ ಕಟ್ಟೆಯನ್ನು ಪಾಂಡವರು ಮೊದಲೇ ನೂರು ತುಂಡಾಗಿ ಒಡೆದಿರುವರೆಂದು ಹೇಳುವನು. ಶಸ್ತ್ರವನ್ನಿಟ್ಟ ದ್ರೋಣ, ಶಿಖಂಡಿಯನ್ನು ಮುಂದಿಟ್ಟು ಕೆಡಹಿದ ಭೀಷ್ಮ, ಚಕ್ರವು ಹೂತುಹೋಗಿದ್ದ ಕರ್ಣ, ತೊಡೆಯೊಡೆದ ದುರ್ಯೋಧನ ಇವರನ್ನು ಒಬ್ಬೊಬ್ಬರನ್ನಾಗಿ ಎಣಿಸುವನು. ಆ ಪಟ್ಟಿಯಲ್ಲಿ ಭೂರಿಶ್ರವಸ್ಸಿನ ಹೆಸರೂ ಬರುವುದೆಂಬುದನ್ನು ನೆನಪಿನಲ್ಲಿಡಬೇಕು. ಈ ಲೇಖನದ ಸಿದ್ಧಾಂತವು ನಿಂತಿರುವುದು ಬಹುಮಟ್ಟಿಗೆ ಅದರ ಮೇಲೆಯೇ. ಕೈ ಕತ್ತರಿಸಲ್ಪಟ್ಟು ಪ್ರಾಯೋಪವೇಶಕ್ಕೆ ಕುಳಿತಿದ್ದ ಆ ವೃದ್ಧವೀರನನ್ನು, ಬೇಡ ಬೇಡವೆಂದು ಸ್ವಪಕ್ಷದವರೇ ಕೂಗುತ್ತಿದ್ದರೂ, ಸಾತ್ಯಕಿಯು ತಲೆಗಡಿದಿದ್ದನು.

ಕಥೆಯ ಅತ್ಯಂತ ಕ್ರೂರವಾದ ವಿವರವು ಇದರ ಮುಂದೆ ಬರುವುದು. ವಿಧಿಯನ್ನು ಪಠಿಸಿದ ಕೃಪನು ಅಶ್ವತ್ಥಾಮನನ್ನು ಬಿಟ್ಟು ಹಿಂದಿರುಗಲಿಲ್ಲ. ಅವನೂ ಕೃತವರ್ಮನೂ ಶಿಬಿರದ ಬಾಗಿಲಲ್ಲಿ ನಿಂತರು. ಕವಚ ಕಳಚಿ, ಕೂದಲು ಕೆದರಿ, ಕೈಮುಗಿದುಕೊಂಡು ನಡುಗುತ್ತ ಹೊರಗೆ ಓಡಿಬಂದವರಲ್ಲಿ ಒಬ್ಬನನ್ನಾದರೂ ಅವರು ಬಿಡಲಿಲ್ಲ. ಆಮೇಲೆ ಶಿಬಿರಕ್ಕೆ ಮೂರು ಕಡೆಯಲ್ಲಿ ಬೆಂಕಿಯನ್ನಿಟ್ಟರು. ಕೃಪನು ಅವಧ್ಯರೆಂದು ಎಣಿಸಿದ ಗಣವೂ ಅವನು ಬಾಗಿಲಲ್ಲಿ ಕೊಂದವರ ಗಣವೂ ಬಹುಭಾಗ ಒಂದೇ. ವ್ಯಾಸರು ಇದನ್ನು ಕುರಿತು ಯಾವ ಟೀಕೆಯನ್ನೂ ಮಾಡದೆ ಎರಡು ಪಟ್ಟಿಗಳನ್ನೂ ಬರೆದು ಸುಮ್ಮನಾಗಿರುವರು.

ಇಲ್ಲಿ ಒಂದು ಪೂರ್ವಪಕ್ಷವು ಹುಟ್ಟುವುದು. ರಾತ್ರಿಯಾಕ್ರಮಣವು ಅರ್ಥಶಾಸ್ತ್ರಸಮ್ಮತವಲ್ಲವೆ? ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿದ ಕೌಟಿಲೀಯದಲ್ಲಿ, ಶತ್ರುಸೈನ್ಯವನ್ನು ರಾತ್ರಿಯೆಲ್ಲ ಆಕ್ರಮಣದ ಭಯದಿಂದ ಎಚ್ಚರವಾಗಿರಿಸಿ ಹಗಲಿನಲ್ಲಿ ನಿದ್ರೆಗೆ ವಶವಾದಾಗ ಹೊಡೆಯುವ ಉಪಾಯವು ಕೂಟಯುದ್ಧದ ಪ್ರಕರಣದಲ್ಲಿ ಉಕ್ತವಾಗಿದೆ. ಹಾಗಿದ್ದರೆ ಅಶ್ವತ್ಥಾಮನು ಮಾಡಿದುದು ಧರ್ಮಶಾಸ್ತ್ರದಲ್ಲಿ ನಿಂದ್ಯವಾದರೂ ನೀತಿಶಾಸ್ತ್ರದಲ್ಲಿ ಅಪರಾಧವಾಗಲಾರದೆಂದು ವಾದಿಸಬಹುದು. ಇದಕ್ಕೆ ಸಮಾಧಾನವು ಕೌಟಿಲ್ಯನಲ್ಲಿಯೇ ದೊರೆಯುವುದು. ದುರ್ಗಲಂಭೋಪಾಯದಲ್ಲಿ, ಶತ್ರುವಿನ ದುರ್ಗವನ್ನಾಗಲಿ ಶಿಬಿರವನ್ನಾಗಲಿ ಆಕ್ರಮಿಸುವಾಗ, ಬಿದ್ದವರಿಗೂ ಬೆನ್ನು ತಿರುಗಿಸಿದವರಿಗೂ ಶರಣಾದವರಿಗೂ ಕೂದಲು ಕೆದರಿದವರಿಗೂ ಆಯುಧವನ್ನೆಸೆದವರಿಗೂ ಭಯದಿಂದ ವಿಕಾರಗೊಂಡವರಿಗೂ ಕಾದದೆ ಇರುವವರಿಗೂ ಅಭಯವನ್ನು ಕೊಡಬೇಕೆಂದು ಅವನು ವಿಧಿಸಿರುವನು. ನಿದ್ರಿಸುವ ದಂಡಿನ ಮೇಲೆ ಬೀಳುವುದನ್ನು ಆ ಶಾಸ್ತ್ರವು ಸಹಿಸಬಹುದು. ಬಾಗಿಲಲ್ಲಿ ನಿಂತು ಕೈಮುಗಿದವರನ್ನು ಕೊಲ್ಲುವುದನ್ನು ಅದೂ ಸಹಿಸದು. ಆದುದರಿಂದ ಅಶ್ವತ್ಥಾಮನಿಗಿಂತ ಕೃಪಕೃತವರ್ಮರ ಅಪರಾಧವು ಶಾಸ್ತ್ರದ್ವಯವಿರುದ್ಧವಾಗಿ ಹೆಚ್ಚು ಸ್ಫುಟವಾಗಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇನ್ನು ದಂಡವಿಧಾನವು ಹೇಗೆ ನಡೆಯಿತೆಂಬುದು ವಿಚಾರ್ಯ. ಈ ವಿಷಯದಲ್ಲಿ ಮಹಾಭಾರತಕ್ಕೂ ಭಾಗವತಕ್ಕೂ ಇರುವ ಭೇದವು ದೊಡ್ಡದು. ಭಾಗವತದ ಪ್ರಥಮಸ್ಕಂಧದ ಏಳನೆಯ ಅಧ್ಯಾಯದಲ್ಲಿ ಅರ್ಜುನನು ಅಶ್ವತ್ಥಾಮನನ್ನು ಹಗ್ಗದಿಂದ ಪಶುವಿನಂತೆ ಬಿಗಿದು ಶಿಬಿರಕ್ಕೆ ತರುವನು. ಅಲ್ಲಿ ವಿಧಿವತ್ತಾದ ಸಭೆಯೇ ಸೇರಿದಂತಿದೆ. ಕೃಷ್ಣನು ವಧೆಯ ಪಕ್ಷವನ್ನು ಪ್ರತಿಪಾದಿಸುವನು; ಮಕ್ಕಳನ್ನು ಕಳೆದುಕೊಂಡ ದ್ರೌಪದಿಯೇ, ತನ್ನಂತೆ ಇವನ ತಾಯಿ ಕೃಪಿಯೂ ಅಳಬಾರದೆಂದು ಬಿಡುಗಡೆಯನ್ನು ಬೇಡುವಳು; ಧರ್ಮರಾಜನು ಅವಳ ಮಾತನ್ನು ಅನುಮೋದಿಸುವನು; ಭೀಮನು ಕೊಲ್ಲಬೇಕೆನ್ನುವನು. ಬ್ರಹ್ಮಬಂಧುವನ್ನು ಕೊಲ್ಲಬಾರದು, ಆತತಾಯಿಯನ್ನು ಕೊಲ್ಲಬೇಕು ಎಂಬ ಎರಡು ವಿಧಿಗಳೂ ಸಲ್ಲಬೇಕೆಂದು ಕೃಷ್ಣನು ಹೇಳಲು, ಅರ್ಜುನನು ಖಡ್ಗದಿಂದ ಕೂದಲೊಡನೆ ಶಿರೋಮಣಿಯನ್ನು ಕತ್ತರಿಸಿ ಅಪರಾಧಿಯನ್ನು ಹೊರದೂಡುವನು. ಮುಂಡನ, ಧನಹರಣ, ಸ್ಥಾನದಿಂದ ನಿರ್ಯಾಪಣ ಇವು ಬ್ರಾಹ್ಮಣನಿಗೆ ವಧೆಗೆ ಸಮಾನವೆಂಬುದು ಸ್ಮೃತಿಸಂಪ್ರದಾಯ. ವಾದ, ಪ್ರತಿವಾದ, ಪೀಡಿತಳ ಹೇಳಿಕೆ, ವಿಧಿಸಮನ್ವಯ, ದಂಡ ಇವೆಲ್ಲವೂ ಕ್ರಮವಾಗಿ ಬಂದಿವೆ. ಪದವಿಯನ್ನು ಕಿತ್ತು ಅವಮಾನಿಸುವ ಈ ದಂಡಕ್ಕೆ ದೇಶಾಂತರದ ಚರಿತ್ರೆಯಲ್ಲಿಯೂ ಸಾಮ್ಯಗಳುಂಟು. ೧೪೭೪ರಲ್ಲಿ ಬ್ರೈಸಾಖ್ ಪಟ್ಟಣದಲ್ಲಿ ಹಲವು ಪಟ್ಟಣಗಳ ನ್ಯಾಯಾಧಿಪತಿಗಳು ಕೂಡಿ ಪೀಟರ್ ಫಾನ್ ಹಾಗೆನ್‌ಬಾಖ್ ಎಂಬ ಅಧಿಕಾರಿಯನ್ನು ವಿಚಾರಿಸಿದಾಗ, ಒಡೆಯನಾದ ಬರ್ಗಂಡಿಯ ಚಾರ್ಲ್ಸನ ಆಜ್ಞೆಯನ್ನು ನಡೆಸಿದೆನೆಂಬ ಅವನ ಸಮರ್ಥನೆಯನ್ನು ತಳ್ಳಿಹಾಕಿ, ತಲೆಗಡಿಯುವ ಮೊದಲು ಅವನ ವೀರಪದವಿಯನ್ನು ಕಳೆದರು.

ಮಹಾಭಾರತದಲ್ಲಿ ಈ ಸಭೆಯೇ ಇಲ್ಲ. ಅಲ್ಲಿ ಅಶ್ವತ್ಥಾಮನು ಬಂಧಿತನಾಗುವುದಿಲ್ಲ. ಎರಡು ಬ್ರಹ್ಮಶಿರೋಸ್ತ್ರಗಳು ಎದುರೆದುರಾಗಿ ಉರಿಯುತ್ತಿರುವಾಗ ನಾರದವ್ಯಾಸರು ನಡುವೆ ನಿಲ್ಲುವರು. ಅರ್ಜುನನು ತನ್ನ ಅಸ್ತ್ರವನ್ನು ಹಿಂತೆಗೆದುಕೊಳ್ಳುವನು. ಮಣಿಯನ್ನು ಕೊಟ್ಟು ಪ್ರಾಣವನ್ನುಳಿಸಿಕೊಳ್ಳೆಂದು ವ್ಯಾಸರು ಅಶ್ವತ್ಥಾಮನಿಗೆ ಹೇಳುವರು. ಇದು ಸಂಧಿಯ ರೀತಿಯಾಗಿದೆಯೇ ಹೊರತು ವಿಚಾರಣೆಯ ರೀತಿಯಾಗಿಲ್ಲ. ಅಸ್ತ್ರವನ್ನು ಅವನು ಪಾಂಡವಸ್ತ್ರೀಯರ ಗರ್ಭಗಳ ಮೇಲೆ ತಿರುಗಿಸಿದ ಮೇಲೆ ಕೃಷ್ಣನ ಶಾಪವು ಬರುವುದು: ಮೂರು ಸಾವಿರ ವರ್ಷಗಳವರೆಗೆ ಕೀವುರಕ್ತಗಳ ದುರ್ಗಂಧದೊಡನೆ ಜನರ ಸಹವಾಸವಿಲ್ಲದೆ ಅಲೆಯಬೇಕೆಂದು. ಆ ಶಾಪದಲ್ಲಿ ಎತ್ತಿ ಹೇಳಿರುವುದು ಬಾಲಘಾತಕತ್ವವನ್ನು. ಬಾಗಿಲಲ್ಲಿ ಸತ್ತವರ ಲೆಕ್ಕವು ಅಲ್ಲಿ ಬಂದಿಲ್ಲ. ಬಾಗಿಲು ಕಾದವರ ಹೆಸರೂ ಬಂದಿಲ್ಲ. ಅಶ್ವತ್ಥಾಮನು ಆಲದ ಮರದ ಕೆಳಗೆ ಓದಿದ ಆರೋಪಪಟ್ಟಿಗೂ ಯಾರೂ ಉತ್ತರ ಕೊಡಲಿಲ್ಲ. ದ್ರೌಪದಿಯ ಇಚ್ಛೆಯಂತೆ ಮಣಿಯನ್ನು ಮುಡಿದವನು ಧರ್ಮರಾಜ. ಆ ಮಣಿಯವನ ತಂದೆಯು ಶಸ್ತ್ರವನ್ನಿಡುವಂತೆ ಸುಳ್ಳಾಡಿದವನೂ ಅವನೇ. ಆ ಸುಳ್ಳಿಗೆ ಸ್ವರ್ಗಾರೋಹಣಪರ್ವದಲ್ಲಿ ನರಕದರ್ಶನವೆಂಬ ಫಲವನ್ನು ಕವಿಯು ಮರೆಯದೆ ಕೊಟ್ಟಿರುವನು. ಭೂಲೋಕದ ಸಭೆಯು ಎತ್ತದ ಪ್ರಶ್ನೆಯನ್ನು ಪರಲೋಕದ ಸಭೆಗೆ ಸಾಗಿಸಿದಂತಾಯಿತು.

ಕೃಪಕೃತವರ್ಮರ ಗತಿಯನ್ನು ನೋಡಿದರೆ ಆಶ್ಚರ್ಯವಾಗುವುದು. ಸ್ತ್ರೀಪರ್ವದಲ್ಲಿ ಮೂವರೂ ಧೃತರಾಷ್ಟ್ರನನ್ನು ಕಂಡು ಅಗಲಿದ ಮೇಲೆ ಕೃಪನು ಹಸ್ತಿನಾವತಿಗೂ ಕೃತವರ್ಮನು ಸ್ವದೇಶಕ್ಕೂ ಹೋಗುವರು. ಮುಂದೆ ಪಾಂಡವರು ಮಹಾಪ್ರಸ್ಥಾನಕ್ಕೆ ಹೊರಡುವಾಗ ರಾಜನಾದ ಪರೀಕ್ಷಿತನನ್ನು ಶಿಷ್ಯನಾಗಿ ಒಪ್ಪಿಸುವುದು ಈ ಕೃಪನಿಗೇ. ಅಶ್ವತ್ಥಾಮನು ದುರ್ಯೋಧನನ ಆಜ್ಞೆಯಿಂದ ಅಭಿಷಿಕ್ತನಾದ ಸೇನಾಪತಿಯಾದುದರಿಂದ ಉಳಿದಿಬ್ಬರೂ ಆಜ್ಞಾಧಾರಕರು ಮಾತ್ರವೆಂದು ಸಮರ್ಥಿಸಬಹುದಾದರೂ, ಆಜ್ಞೆಗೆ ಮುನ್ನವೇ ವಿಧಿಯನ್ನು ಉಪದೇಶಿಸಿದ ಕೃಪನಿಗೆ ಆ ಸಮರ್ಥನೆಯು ಹೊಂದುವುದಿಲ್ಲ. ೧೯೪೫ರ ನ್ಯೂರೆಂಬರ್ಗ್ ಶಾಸನದ ಎಂಟನೆಯ ವಿಧಿಯು ಮೇಲಧಿಕಾರಿಯ ಆಜ್ಞೆಯು ಅಪರಾಧವನ್ನು ತೊಡೆಯದು, ದಂಡವನ್ನು ಲಘುಮಾಡಲು ಮಾತ್ರ ಕಾರಣವಾಗಬಹುದು ಎಂದು ನಿರ್ಣಯಿಸಿತು. ಆ ಶಾಸನದ ಮುಂದೆ ಕೃಪನು ನಿಂತಿದ್ದರೆ ಆಚಾರ್ಯಪೀಠವು ಅವನಿಗೆ ದೊರೆಯುತ್ತಿರಲಿಲ್ಲ.

ಈಗ ಮೌಸಲಕ್ಕೆ ಬರಬಹುದು. ಪ್ರಭಾಸದಲ್ಲಿ ಯಾದವರು ಕುಡಿದು ಕುಳಿತಿರುವಾಗ ಮಾತು ಎಲ್ಲಿಂದ ಆರಂಭವಾಯಿತು? ಮಲಗಿದ್ದವರನ್ನು ಕೊಂದ ಕ್ಷತ್ರಿಯನುಂಟೆ ಎಂದು ಸಾತ್ಯಕಿಯು ಕೃತವರ್ಮನನ್ನು ಹಳಿಯುವನು. ಪ್ರದ್ಯುಮ್ನನು ಅದನ್ನು ಮೆಚ್ಚುವನು. ಕೃತವರ್ಮನು ಎಡಗೈಯಿಂದ ತೋರಿಸಿ, ಕೈ ಕಡಿದು ಪ್ರಾಯಕ್ಕೆ ಕುಳಿತಿದ್ದ ಭೂರಿಶ್ರವಸ್ಸನ್ನು ನೀನು ಹೇಗೆ ಕೊಂದೆಯೆಂದು ಕೇಳುವನು. ಮಾತು ಸ್ಯಮಂತಕದ ಹಳೆಯ ಕಥೆಯವರೆಗೆ ಬೆಳೆದು, ಸಾತ್ಯಕಿಯು ಕೃತವರ್ಮನ ತಲೆಯನ್ನು ಹಾರಿಸುವನು. ಅಲ್ಲಿಂದ ಕುಲಕ್ಷಯವು ಆರಂಭವಾಗುವುದು. ಒಬ್ಬನು ಸೋತ ಪಕ್ಷದ ಅಪರಾಧಿ, ಮತ್ತೊಬ್ಬನು ಗೆದ್ದ ಪಕ್ಷದ ಅಪರಾಧಿ. ಇಬ್ಬರನ್ನೂ ಯಾವ ಸಭೆಯೂ ವಿಚಾರಿಸಿರಲಿಲ್ಲ. ಇಬ್ಬರೂ ೩೬ ವರ್ಷಗಳ ಕಾಲ ಒಂದೇ ಊರಿನ, ಒಂದೇ ಕುಲದ ಗಣ್ಯರಾಗಿ ಬಾಳಿದ್ದರು. ಸಭೆಯಲ್ಲಿ ನಡೆಯಬೇಕಾಗಿದ್ದ ವಾದಪ್ರತಿವಾದಗಳು ಪಾನಗೋಷ್ಠಿಯಲ್ಲಿ ನಡೆದವು.

ಯಾದವರ ನಾಶವು ಗಾಂಧಾರಿಯ ಶಾಪದಿಂದಲೂ ಸಾಂಬನ ನಿಮಿತ್ತವಾಗಿ ಋಷಿಗಳಿತ್ತ ಶಾಪದಿಂದಲೂ ಆಯಿತೆಂದು ಗ್ರಂಥವೇ ಹೇಳುವುದಲ್ಲವೆ, ಸಾತ್ಯಕಿ ಕೃತವರ್ಮರ ಜಗಳಕ್ಕೆ ಇಷ್ಟು ಗೌರವವೇಕೆ ಎಂದು ಆಕ್ಷೇಪಿಸಬಹುದು. ಶಾಪವು ನಾಶವು ಬರುವುದೆಂಬುದನ್ನು ಮಾತ್ರ ನಿಶ್ಚಯಿಸುವುದು. ಅದು ಬರುವ ದಾರಿಯನ್ನು ಆರಿಸುವುದು ಕವಿಯ ಕೆಲಸ. ಕುಡಿದವರಿಗೆ ಜಗಳವಾಡಲು ನೂರು ಕಾರಣಗಳು ಸಿಕ್ಕುತ್ತವೆ. ಅವುಗಳನ್ನೆಲ್ಲ ಬಿಟ್ಟು, ಆಲದ ಮರದ ಕೆಳಗೆ ಅಶ್ವತ್ಥಾಮನ ಬಾಯಲ್ಲಿ ಬಂದಿದ್ದ ಭೂರಿಶ್ರವಸ್ಸಿನ ಹೆಸರನ್ನೇ ಅವನ ಸಂಗಡಿಗನಾದ ಕೃತವರ್ಮನ ಬಾಯಲ್ಲಿ ಮತ್ತೆ ಬರಿಸಿರುವುದು ಆಕಸ್ಮಿಕವೆಂದು ನಂಬುವುದು ಕಷ್ಟ. ಆನಂದವರ್ಧನನು ಕಂಡ ವೈರಾಗ್ಯವು ಫಲವಾದರೆ, ಆ ಫಲಕ್ಕೆ ಬೀಜವಾದುದು ಈ ತೀರದ ವ್ಯಾಜ್ಯ.

ಅಶ್ವತ್ಥಾಮನ ಉತ್ತರಕ್ಕೆ, ಎಂದರೆ ಎದುರಾಳಿಯೂ ವಿಧಿಯನ್ನು ಮುರಿದನೆಂಬ ವಾದಕ್ಕೆ, ಆಧುನಿಕ ನ್ಯಾಯಾಲಯಗಳು ಕೊಟ್ಟಿರುವ ಬೆಲೆಯನ್ನು ಇದರೊಡನೆ ಹೋಲಿಸಬಹುದು. ನ್ಯೂರೆಂಬರ್ಗಿನಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ರಷ್ಯ ಈ ನಾಲ್ಕು ವಿಜಯಿರಾಷ್ಟ್ರಗಳ ನ್ಯಾಯಾಧೀಶರೇ ಕುಳಿತಿದ್ದರು. ಜಲಾಂತರ್ಗಾಮಿ ಯುದ್ಧದ ವಿಧಿಗಳನ್ನು ಮುರಿದನೆಂಬ ಆರೋಪವು ಜರ್ಮನಿಯ ನೌಕಾಧಿಪತಿ ಡೋನಿಟ್ಸನ ಮೇಲೆ ಬಂದಾಗ, ಪೆಸಿಫಿಕ್ ಸಾಗರದಲ್ಲಿ ಅಮೆರಿಕವೂ ಯುದ್ಧದ ಮೊದಲ ದಿನದಿಂದಲೇ ಅನಿರ್ಬಂಧವಾದ ಜಲಾಂತರ್ಗಾಮಿ ಯುದ್ಧವನ್ನು ನಡೆಸಿತೆಂದು ಅಮೆರಿಕದ ನೌಕಾಧಿಪತಿ ನಿಮಿಟ್ಸನೇ ಲಿಖಿತವಾಗಿ ಉತ್ತರವಿತ್ತನು. ನ್ಯಾಯಾಲಯವು ಅಪರಾಧವನ್ನು ಅಪರಾಧವೆಂದೇ ಎಣಿಸಿ, ಆ ಅಂಶಕ್ಕಾಗಿ ದಂಡವನ್ನು ವಿಧಿಸದೆ, ಇತರ ಆರೋಪಗಳ ಮೇಲೆ ೧೯೪೬ರಲ್ಲಿ ಹತ್ತು ವರ್ಷಗಳ ಸೆರೆವಾಸವನ್ನು ಕೊಟ್ಟಿತು. ೧೯೪೬ರಿಂದ ೧೯೪೮ರವರೆಗೆ ನಡೆದ ಟೋಕಿಯೋ ವಿಚಾರಣೆಯಲ್ಲಿ ಹನ್ನೊಂದು ನ್ಯಾಯಾಧೀಶರಲ್ಲೊಬ್ಬರಾಗಿದ್ದ ರಾಧಾವಿನೋದ ಪಾಲರು, ಗೆದ್ದವರು ಸೋತವರನ್ನು ವಿಚಾರಿಸುವ ಅಧಿಕಾರವನ್ನೇ ಪ್ರಶ್ನಿಸಿ, ಎಲ್ಲ ಆಪಾದಿತರೂ ನಿರ್ದೋಷಿಗಳೆಂದು ಭಿನ್ನಾಭಿಪ್ರಾಯವನ್ನು ಬರೆದರು. ಜಪಾನೀ ಸೇನೆಯ ಕ್ರೌರ್ಯಗಳು ನಡೆದುವೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಧರ್ಮಶಾಸ್ತ್ರದ ಇತಿಹಾಸವನ್ನು ವ್ಯಾಸಂಗ ಮಾಡಿದ್ದ ಅವರಿಗೆ ನ್ಯಾಯಪೀಠದ ಪಕ್ಷಪಾತವೇ ಮೊದಲ ದೋಷವಾಗಿ ತೋರಿತು.

ಪಾಲರ ಪಕ್ಷವನ್ನು ಪೂರ್ಣವಾಗಿ ಒಪ್ಪಿದರೆ ಅಶ್ವತ್ಥಾಮನನ್ನೂ ಬಿಡಬೇಕಾಗುವುದು. ಮಲಗಿ ಸತ್ತವರಿಗೆ ಆಗ ನ್ಯಾಯವೆಲ್ಲಿ? ಅದನ್ನು ಪೂರ್ಣವಾಗಿ ತಳ್ಳಿದರೆ ಸಾತ್ಯಕಿಯನ್ನು ಮರೆಯಬೇಕಾಗುವುದು. ಗೆದ್ದ ಸೇನೆಯೇ ತನ್ನವರನ್ನು ವಿಚಾರಿಸಲೆಂದರೆ, ಅದರ ಮಿತಿಯೂ ಗೊತ್ತಿದೆ. ೧೯೬೮ರ ಮಾರ್ಚ್ ೧೬ರಂದು ವಿಯೆಟ್ನಾಮಿನ ಮೈ ಲಾಯ್ ಗ್ರಾಮದಲ್ಲಿ ನೂರಾರು ಮಂದಿ ನಿರಾಯುಧರನ್ನು ಅಮೆರಿಕದ ಸೈನಿಕರು ಕೊಂದುದಕ್ಕೆ, ೧೯೭೧ರಲ್ಲಿ ಕೋರ್ಟ್ ಮಾರ್ಷಲಿನಿಂದ ಅಪರಾಧಿಯೆಂದು ನಿರ್ಣೀತನಾದವನು ಲೆಫ್ಟಿನೆಂಟ್ ಕ್ಯಾಲಿಯೊಬ್ಬನೇ. ಅವನ ಯಾವಜ್ಜೀವ ಶಿಕ್ಷೆಯೂ ಕೆಲವು ವರ್ಷಗಳ ಗೃಹಬಂಧನದಲ್ಲಿ ಮುಗಿಯಿತು. ೧೯೯೮ರಲ್ಲಿ ರೋಮಿನಲ್ಲಿ ಅಂಗೀಕೃತವಾಗಿ ೨೦೦೨ರ ಜುಲೈ ೧ರಿಂದ ಜಾರಿಗೆ ಬಂದ ಶಾಸನವು, ಯುದ್ಧಕ್ಕೆ ಮೊದಲೇ ಇರುವ, ಎರಡು ಪಕ್ಷಗಳಿಗೂ ಹೊರತಾದ ಒಂದು ಪೀಠವನ್ನು ಏರ್ಪಡಿಸಿತು. ಕುರುಕ್ಷೇತ್ರದ ಸಮಯದಲ್ಲಿ ಇಲ್ಲದಿದ್ದ ಮೂರನೆಯವನನ್ನು ಅದು ಒದಗಿಸಿತೆನ್ನಬಹುದು. ಆದರೂ ಅಮೆರಿಕ, ರಷ್ಯ, ಚೀನ, ಭಾರತ ಮೊದಲಾದ ದೊಡ್ಡ ಸೇನೆಗಳ ರಾಷ್ಟ್ರಗಳು ಆ ಶಾಸನಕ್ಕೆ ಒಳಪಟ್ಟಿಲ್ಲ. ಬಲರಾಮನ ಹಲವು ಇನ್ನೂ ಅರ್ಧದಲ್ಲಿಯೇ ನಿಂತಿದೆ.

ಕನ್ನಡಸಾಹಿತ್ಯದ ಅಧ್ಯಾಪಕರಿಗೆ ಈ ವಿಚಾರದಿಂದ ಒಂದು ಕರ್ತವ್ಯವು ಏರ್ಪಡುವುದು. ಪಂಪನು ಅರ್ಜುನನಿಗೂ ಅರಿಕೇಸರಿಗೂ, ರನ್ನನು ಭೀಮನಿಗೂ ಸತ್ಯಾಶ್ರಯನಿಗೂ ಅಭೇದವನ್ನು ಕಲ್ಪಿಸಿ ಕಾವ್ಯವನ್ನು ಕಟ್ಟಿದರು. ಭೂರಿಶ್ರವಸ್ಸಿನ ಕೈ ಕಡಿದವನೂ ದುರ್ಯೋಧನನ ತೊಡೆಯೊಡೆದವನೂ ಆಶ್ರಯದಾತನೇ ಆಗಿ ನಿಂತ ಮೇಲೆ ಅವರ ವಿಚಾರಣೆಯನ್ನು ಕಾವ್ಯದೊಳಗೆ ನೇರವಾಗಿ ನಡೆಸುವುದು ಕವಿಗಳಿಗೆ ಸುಲಭವಾಗಿರಲಿಲ್ಲ. ಕುಮಾರವ್ಯಾಸನ ಭಾರತವು ಹತ್ತು ಪರ್ವಗಳಿಗೆ ನಿಂತಿತು. ಸೌಪ್ತಿಕದ ಕಥೆಯನ್ನು ಗದಾಪರ್ವದೊಳಗೆ ಅಡಕಮಾಡಿ, ಧರ್ಮರಾಜನ ಪಟ್ಟಾಭಿಷೇಕದೊಡನೆ ಅವನು ಮುಗಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಪೂರೈಸಿದನಾದರೂ, ಗಮಕದಲ್ಲಿಯೂ ಪಾಠದಲ್ಲಿಯೂ ಜನರಿಗೆ ಪ್ರಿಯವಾದುದು ಕುಮಾರವ್ಯಾಸನ ಭಾಗವೇ. ಇದರಿಂದ ಕನ್ನಡದ ವಾಚಕನಿಗೆ ಯುದ್ಧವು ಪಟ್ಟಾಭಿಷೇಕದಲ್ಲಿ ತೀರಿತೆಂಬ ಭಾವನೆಯು ಸಹಜವಾಗಿ ಬೇರೂರುವುದು. ಸಾತ್ಯಕಿಯು ವೀರನಾಗಿಯೂ ಕೃಪನು ಆಚಾರ್ಯನಾಗಿಯೂ ಅವನ ಮನಸ್ಸಿನಲ್ಲಿ ಉಳಿಯುವರು. ಶಿಬಿರದ ಬಾಗಿಲು ಮರೆತುಹೋಗುವುದು.

ಕವಿಯು ನಿಂತ ಕಡೆಯಲ್ಲಿಯೇ ಪಾಠವನ್ನು ನಿಲ್ಲಿಸಬೇಕೆಂಬ ನಿಯಮವಿಲ್ಲ. ಗದಾಪರ್ವವನ್ನು ಬೋಧಿಸುವವರು ತಿಮ್ಮಣ್ಣಕವಿಯ ಮೌಸಲವನ್ನೂ ವ್ಯಾಸಭಾರತದ ಮೌಸಲವನ್ನೂ ಒಟ್ಟಿಗೆ ತೆರೆದು, ಸಾತ್ಯಕಿ ಕೃತವರ್ಮರ ಮಾತುಗಳನ್ನು ಸೌಪ್ತಿಕದ ಸಂವಾದದ ಪಕ್ಕದಲ್ಲಿಟ್ಟು ವಿದ್ಯಾರ್ಥಿಗಳಿಗೆ ಓದಿಸಿದರೆ, ಪಟ್ಟಾಭಿಷೇಕದ ವೇಳೆಗೆ ಯಾವ ಯಾವ ಕೊಲೆಗಳು ವಿಚಾರಣೆಯಿಲ್ಲದೆ ಉಳಿದಿದ್ದುವೆಂಬುದನ್ನು ಅವರೇ ಎಣಿಸಿಕೊಳ್ಳಬಲ್ಲರು.